ಪುಣೆಯ ಕರಿಕಲ್ಲಿನಲ್ಲಿ ಹರಳು ಹುಡುಕುವವರಿಗೆ

ಪುಣೆಯ ಸುತ್ತ ಎತ್ತ ನೋಡಿದರೂ ಒಂದೇ ಬಂಡೆ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್, ನಮ್ಮ ಮಾತಿನ ಕರಿಕಲ್ಲು. ಲಾವಾ ಆರುವಾಗ ಅನಿಲ ಒಳಗೇ ಸಿಕ್ಕಿಕೊಂಡು ಪೊಳ್ಳುಗಳಾದವು. ಆಮೇಲೆ ಬಿರುಕುಗಳಲ್ಲಿ ಇಳಿದ ಬಿಸಿನೀರು ಆ ಪೊಳ್ಳುಗಳ ಗೋಡೆಗೆ ಹರಳು ಕಟ್ಟಿಸಿತು. ಹಾಗಾಗಿ ಹುಡುಕಬೇಕಾದದ್ದು ಹರಳನ್ನಲ್ಲ, ಪೊಳ್ಳನ್ನು. ಸಿಕ್ಕ ಮೇಲೆ ಕೀಳಬೇಕಾದದ್ದೂ ಹರಳನ್ನಲ್ಲ, ಅದು ಕೂತಿರುವ ಕಲ್ಲನ್ನು. ಹೊಸಬರು ಕೆಡಿಸುವ ಹರಳುಗಳಲ್ಲಿ ಹೆಚ್ಚಿನವು ಕೆಡುವುದು ಈ ಎರಡನೆಯ ಮಾತನ್ನು ಮರೆತದ್ದರಿಂದ.

ಕೆರೆದಂಡೆಗೂ ಕ್ವಾರಿಗೂ ಒಂದೇ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಸ್ಟಿಲ್ಬೈಟ್, ಹ್ಯೂಲಂಡೈಟ್‌ನಂಥ ಜಿಯೊಲೈಟ್‌ಗಳ (ಪೊಳ್ಳುಗಳಲ್ಲಿ ಬೆಳೆಯುವ ಮೆದು ಹರಳುಗಳ ಗುಂಪು) ಗಡಸುತನ, 1ರಿಂದ 10ರ ಮೋಸ್ ಅಳತೆಯಲ್ಲಿ, 3.5ರಿಂದ 4. ನೀರಿನಲ್ಲಿ ಉರುಳಿದರೆ ಅವು ಪುಡಿಯಾಗುತ್ತವೆ. ಉಳಿಯುವುದು ಗಡಸುತನ 7ರ ಆಸುಪಾಸಿನ ಬೆಣಚುಕಲ್ಲಿನ ಬಳಗ: ಕ್ಯಾಲ್ಸೆಡೊನಿ, ಅಗೇಟ್, ಕೆಂಪು ಜಾಸ್ಪರ್. ಮರಾಠಿಯವರು ಬೆಣಚುಕಲ್ಲಿಗೆ ಗಾರ್‌ಗೋಟಿ ಎನ್ನುತ್ತಾರೆ. ಊರವರನ್ನು ಕೇಳುವಾಗ ಆ ಪದವೇ ಕೆಲಸಕ್ಕೆ ಬರುತ್ತದೆ.

ದಂಡೆಗೆ ಏಪ್ರಿಲ್–ಮೇ ಒಳ್ಳೆಯ ಕಾಲ, ಜಲಾಶಯಗಳ ನೀರು ಇಳಿದು ಸಣ್ಣ ಉರುಟುಕಲ್ಲುಗಳ ಪಟ್ಟಿ ಹೊರಬಿದ್ದಿರುತ್ತದೆ. ಬೆಳಗ್ಗೆ ಸೂರ್ಯ ತಗ್ಗಿನಲ್ಲಿರುವಾಗ ಅವನಿಗೆ ಮುಖ ಮಾಡಿ ನಡೆಯಿರಿ. ಬೆಳಕು ತೂರುವ ಕಲ್ಲು ದೂರದಿಂದಲೇ ಹೊಳೆಯುತ್ತದೆ. ಕೈಗೆತ್ತಿಕೊಂಡು ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಿಡಿಯಿರಿ: ಅಂಚು ಮೇಣದಂತೆ ಬೆಳಗಿದರೆ ಕ್ಯಾಲ್ಸೆಡೊನಿ, ಒಳಗೆ ಪಟ್ಟೆಗಳಿದ್ದರೆ ಅಗೇಟ್. ಸವೆದ ಬಾಟಲಿ ಚೂರೂ ಹೀಗೇ ಮೋಸ ಮಾಡುತ್ತದೆ. ಬೇರೊಂದು ಗಾಜಿನ ತುಂಡಿನ ಮೇಲೆ ಗೀಚಿ ನೋಡಿ. ಕ್ಯಾಲ್ಸೆಡೊನಿ ಗಾಜನ್ನು ಸುಲಭವಾಗಿ ಗೀರುತ್ತದೆ. ನೀರು ಇಳಿದ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರೇ ಇರುತ್ತದೆ. ಮುಂದೆ ಕೋಲು ಚುಚ್ಚಿ ನೋಡದೆ ಕಾಲಿಡಬೇಡಿ. ಖಡಕ್‌ವಾಸ್ಲಾದ ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಜಾಗವಿದೆ. ಆ ಬೇಲಿಯ ಹತ್ತಿರವಾಗಲಿ, ಅಣೆಕಟ್ಟಿನ ಗೋಡೆಯ ಹತ್ತಿರವಾಗಲಿ ಸುಳಿಯಲೇಬಾರದು.

ಕ್ವಾರಿಗೆ ಮಾಲೀಕರ ಅಥವಾ ಮೇಸ್ತ್ರಿಯ ಒಪ್ಪಿಗೆ ಪಡೆದು, ಕೆಲಸ ನಿಂತ ಹೊತ್ತಿನಲ್ಲಿ ಮಾತ್ರ ಇಳಿಯಿರಿ. ಸಿಡಿಮದ್ದಿನ ವೇಳೆ ಯಾವುದೆಂದು ಮೊದಲೇ ಕೇಳಿ. ಬಣ್ಣದ ತಂತಿ ಇಣುಕುವ ರಂಧ್ರವಾಗಲಿ, ಬಿದ್ದಿರುವ ಕೇಪಾಗಲಿ (ಮದ್ದನ್ನು ಸಿಡಿಸುವ ಪುಟ್ಟ ಕೊಳವೆ) ಕಂಡರೆ ಮುಟ್ಟದೆ ಹಿಂದೆ ಸರಿದು ಬ್ಲಾಸ್ಟರ್‌ಗೆ ತಿಳಿಸಿ. ಕಡಿದಾದ ಗೋಡೆಯ ಬುಡಕ್ಕೆ ಹೋಗದೆ, ಆಗಲೇ ಕೆಳಗೆ ಬಿದ್ದಿರುವ ಬಂಡೆಗಳಲ್ಲೇ ಹುಡುಕಿ. ಹೆಲ್ಮೆಟ್, ಗಟ್ಟಿ ಬೂಟು, ಎರಡೂ ಪಕ್ಕ ಮುಚ್ಚುವ ಕನ್ನಡಕ ಬೇಕೇ ಬೇಕು, ಬಸಾಲ್ಟ್ ಚಕ್ಕೆ ಬ್ಲೇಡಿನಂತೆ ಹಾರುತ್ತದೆ.

ಎಲ್ಲಿ ನೋಡಬೇಕು? ಪ್ರತಿ ಲಾವಾ ಪದರದ ನಡುಭಾಗ ಗಟ್ಟಿ, ಮೇಲ್ಭಾಗದಲ್ಲಿ ಗುಳ್ಳೆ ಹೆಚ್ಚು. ಕ್ವಾರಿಯ ಗೋಡೆಯಲ್ಲಿ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿಯೊಂದು ಅಡ್ಡಲಾಗಿ ಹೋಗಿರುವುದನ್ನು ಗಮನಿಸಿ. ಅದು ಎರಡು ಪದರಗಳ ಗಡಿ, ಅದರ ಸರಿ ಕೆಳಗಿನದೇ ಗುಳ್ಳೆಕಲ್ಲು. ಕ್ರಷರ್‌ಗೆ ಬೇಕಾದದ್ದು ಗಟ್ಟಿ ಕಲ್ಲು, ಆದ್ದರಿಂದ ಪಕ್ಕಕ್ಕೆ ಎಸೆದ ರಾಶಿಯಲ್ಲಿ ಗುಳ್ಳೆಕಲ್ಲು ಸಿಗುವ ಸಂಭವ ಹೆಚ್ಚು. ಪೊಳ್ಳಿನ ಅಂಚಿಗೆ ಹಸಿರು ಸಿಪ್ಪೆ ಕಂಡರೆ ಅಲ್ಲೇ ಕೂತು ನೋಡಿ.

ಪೊಳ್ಳು ಸಿಕ್ಕಿತು ಎನ್ನಿ. ಮೊದಲು ಟಾರ್ಚಿನ ಬೆಳಕು ಹಾಯಿಸಿ ಒಳಗೇನಿದೆ ನೋಡಿ. ಸೂಜಿಯಂಥ ಹರಳಿಲ್ಲದಿದ್ದರೆ ಟಿಶ್ಯೂ ಕಾಗದವನ್ನು ಸಡಿಲವಾಗಿ ತುಂಬಿ, ಚಕ್ಕೆ ಉದುರಿದರೂ ಹರಳಿಗೆ ತಾಕದಿರಲಿ. ಪೊಳ್ಳಿನ ಅಂಚಿನಿಂದ ಕನಿಷ್ಠ 6–8 ಸೆಂ.ಮೀ. ಕಲ್ಲು ಬಿಟ್ಟು ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಕೆ.ಜಿ. ತೂಕದ ಸುತ್ತಿಗೆ, ಕಲ್ಲಿನ ಉಳಿ ಹಿಡಿದು ಗೆರೆಯುದ್ದಕ್ಕೂ ಎರಡೆರಡು ಬೆರಳಿಗೆ ಒಂದರಂತೆ ಸಣ್ಣ ಏಟು ಹಾಕುತ್ತ ಮೂರ್ನಾಲ್ಕು ಸುತ್ತು ಬನ್ನಿ. ಒಂದೇ ಕಡೆ ಜೋರಾಗಿ ಹೊಡೆದರೆ ಬಿರುಕು ಹಿಡಿಯುವ ದಾರಿ ಪೊಳ್ಳಿನ ಮೂಲಕವೇ, ಯಾಕೆಂದರೆ ಅದೇ ಬಂಡೆಯ ಬಲಹೀನ ಜಾಗ. ಅಪೊಫಿಲೈಟ್ ಎಂಬ ಹರಳಂತೂ ಅಡ್ಡಕ್ಕೆ ಹಾಳೆಯಂತೆ ಸೀಳುವ ಗುಣದ್ದು, ಅದುರಿದರೂ ಸಾಕು, ತುದಿ ಹಾರಿಹೋಗುತ್ತದೆ. ತುಂಡು ಭಾರವಾದರೆ ಹಾಗೇ ಹೊತ್ತು ತನ್ನಿ, ಹಿಂಬದಿಯನ್ನು ಆಮೇಲೆ ಗ್ರಾನೈಟ್ ಕತ್ತರಿಸುವವರ ಹತ್ತಿರ ಡೈಮಂಡ್ ಬ್ಲೇಡಿನಲ್ಲಿ, ನೀರು ಹಾಯಿಸುತ್ತ ಕೊಯ್ಯಿಸಬಹುದು. ಬಡಗಿಯ ಸುತ್ತಿಗೆಯಿಂದ ಉಳಿಗೆ ಹೊಡೆಯಬೇಡಿ, ಅದರ ಉಕ್ಕೇ ಸಿಡಿಯುತ್ತದೆ.

ಗುರುತು ಹೀಗೆ. ನಡು ಕಟ್ಟಿದ ಹುಲ್ಲಿನ ಹೊರೆಯಂತೆ ಎರಡೂ ತುದಿ ಅರಳಿದ್ದರೆ ಸ್ಟಿಲ್ಬೈಟ್, ಬಣ್ಣ ಬಿಳಿ ಅಥವಾ ನಸುಗೆಂಪು. ಚೌಕ ಕಂಬ, ಚೂಪು ಶಿಖರ ಇದ್ದರೆ ಅಪೊಫಿಲೈಟ್, ಅದರ ಸೀಳುಮುಖದಲ್ಲಿ ಮುತ್ತಿನ ಹೊಳಪು. ಬೀಸಣಿಗೆಯಂತೆ ಹರಡಿದ ಬಿಳಿ ಸೂಜಿಗಳು ಸ್ಕೊಲೆಸೈಟ್. ಬೆಣಚೋ ಕ್ಯಾಲ್ಸೈಟೋ ಎಂಬ ಅನುಮಾನಕ್ಕೆ ಒಂದು ಚೂರನ್ನು ಪುಡಿ ಮಾಡಿ ವಿನೆಗರ್ ಹಾಕಿ, ನೊರೆ ಬಂದರೆ ಕ್ಯಾಲ್ಸೈಟ್. ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳಿಗೆ ಜಗತ್ತಿನಲ್ಲೇ ಹೆಸರು ತಂದದ್ದು ಕ್ಯಾವನ್‌ಸೈಟ್: ಬಿಳಿ ಸ್ಟಿಲ್ಬೈಟಿನ ಮೇಲೆ ಕೂತ ಕಡುನೀಲಿ ಉಂಡೆಗಳು. ಆ ನೀಲಿ ವೆನೇಡಿಯಂ ಎಂಬ ಲೋಹದ್ದು. ಕಣ್ಣು ಪಳಗಿಸಿಕೊಳ್ಳಲು ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿರುವ ಗಾರ್‌ಗೋಟಿ ಸಂಗ್ರಹಾಲಯವನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಕೊಳ್ಳುವುದಾದರೆ ಹತ್ತು ಪಟ್ಟಿನ ಲೆನ್ಸ್ ಹಿಡಿದು ಹರಳಿನ ಬುಡ ನೋಡಿ. ಅಂಟು ಹಾಕಿದ ಜಾಗ ಎಷ್ಟೋ ಸಲ ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ಹೊಳೆಯುತ್ತದೆ. ಕಣ್ಣು ಕುಕ್ಕುವ ಬಣ್ಣವಿದ್ದರೆ ಅಸಿಟೋನ್ ಹಚ್ಚಿದ ಹತ್ತಿಯಿಂದ ಮೂಲೆಯೊಂದನ್ನು ಒರೆಸಿ, ಬಣ್ಣ ಹತ್ತಿಗೆ ಹತ್ತಿದರೆ ಅದು ಬಳಿದದ್ದು.

ಪಳೆಯುಳಿಕೆಯನ್ನು ಬಸಾಲ್ಟಿನೊಳಗೆ ಹುಡುಕಿ ಫಲವಿಲ್ಲ, ಕರಗಿದ ಕಲ್ಲಿನಲ್ಲಿ ಜೀವಿ ಉಳಿಯದು. ಎರಡು ಲಾವಾಗಳ ನಡುವಿನ ಅವಧಿಯಲ್ಲಿ ಕೆರೆಗಳಲ್ಲಿ ಕೂತ ಹೂಳಿನ ಪದರಗಳಲ್ಲಿ ಮಾತ್ರ ಅವು ಸಿಗುತ್ತವೆ. ಮುಂಬಯಿಯ ವರ್ಲಿಯಲ್ಲಿ ಕಪ್ಪೆಗಳ ಪಳೆಯುಳಿಕೆ ಸಿಕ್ಕಿದ್ದು ಅಂಥ ಪದರದಲ್ಲೇ. ಕಲ್ಲಿನ ಮೇಲೆ ಜರಿಗಿಡದಂಥ ಕಪ್ಪು ಚಿತ್ತಾರ ಕಂಡರೆ ಅದು ಎಲೆಯಲ್ಲ, ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್. ಮನುಷ್ಯ ಕೆತ್ತಿದಂತಿರುವ ಕೈಗೊಡಲಿ ಸಿಕ್ಕರೆ ಇದ್ದಲ್ಲೇ ಬಿಟ್ಟು ಫೋಟೊ ತೆಗೆದು ಪುರಾತತ್ವದವರಿಗೆ ತಿಳಿಸಿ. ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಹಿಲ್‌ನ ಕಲ್ಲುಕಂಬಗಳಿಗೆ ಸುತ್ತಿಗೆ ತಾಗಿಸಲೇಬೇಡಿ.

ಮನೆಗೆ ತಂದ ಮೇಲೆ ತೊಳೆಯುವ ಆತುರವೇ ದೊಡ್ಡ ಶತ್ರು. ಬಾತ್‌ರೂಮ್ ತೊಳೆಯುವ ಆಸಿಡ್ ಕ್ಯಾಲ್ಸೈಟನ್ನು ಕರಗಿಸುತ್ತದೆ, ಜಿಯೊಲೈಟ್ ಮತ್ತು ಅಪೊಫಿಲೈಟ್‌ಗಳ ಮೈಯನ್ನೂ ತಿನ್ನುತ್ತದೆ. ಗಟ್ಟಿ ಹರಳುಗಳನ್ನು ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸಿ, ಮೃದು ಬ್ರಷ್‌ನಿಂದ ಮಣ್ಣು ಬಿಡಿಸಿ, ನೆರಳಲ್ಲಿ ಒಣಗಿಸಿ. ಬಿಸಿನೀರು ಬೇಡ. ಹತ್ತಿಯುಂಡೆಯಂಥ ಓಕೆನೈಟ್‌ಗೆ, ಸ್ಕೊಲೆಸೈಟಿನ ಸಣ್ಣ ಸೂಜಿಗಳಿಗೆ ನೀರನ್ನೂ ಬೆರಳನ್ನೂ ದೂರವಿಡಿ, ಕ್ಯಾಮೆರಾ ಒರೆಸುವ ರಬ್ಬರ್ ಬಲೂನಿನ ಗಾಳಿ ಸಾಕು. ತಂದ ದಿನವೇ ಪ್ರತಿ ಕಲ್ಲಿನ ಹಿಂಬದಿಗೆ ಸಂಖ್ಯೆ ಬರೆದು, ಕ್ವಾರಿ, ಪದರ, ತಾರೀಖನ್ನು ಪುಸ್ತಕದಲ್ಲಿ ದಾಖಲಿಸಿ. ಬಿಳಿ ಕಡ್ಡಿಯಂಥ ಹರಳೊಂದು ಕೆಲವೇ ವಾರಗಳಲ್ಲಿ ಮಸುಕಾಗಿ ಹಿಟ್ಟಿನಂತೆ ಉದುರತೊಡಗಿದರೆ ಅದು ಲಾಮೊಂಟೈಟ್. ಒಳಗಿನ ನೀರು ಆರಿಹೋಗಿರುತ್ತದೆ. ಮುಂದಿನ ಸಲ ಅಂಥದ್ದು ಸಿಕ್ಕಾಗ ಒದ್ದೆ ಹತ್ತಿಯ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಯೇ ಕ್ವಾರಿಯಿಂದ ಹೊರಡಿ.