ಒಂದು ಪ್ರಶ್ನೆಗೆ ಸಿಕ್ಕ ಅನುದಾನ

ತನಿಖಾ ವರದಿಗೆ ಅನುದಾನ ಕೇಳಿ ನಾನು ಹಾಕಿದ ಮೊದಲ ಅರ್ಜಿ ತಿರಸ್ಕೃತವಾಯಿತು. ‘ಪಾವಗಡ ತಾಲ್ಲೂಕಿನಲ್ಲಿ ಫ್ಲೋರೈಡ್ ಸಮಸ್ಯೆ’ ಎಂದು ತಲೆಬರಹ ಕೊಟ್ಟು ನಾಲ್ಕು ಪುಟ ಬರೆದಿದ್ದೆ. ಕೊಳವೆಬಾವಿಗಳ ಆಳ, ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಬಾಗಿದ ಬೆನ್ನು, ಎಲ್ಲವೂ ಅದರಲ್ಲಿತ್ತು. ಆಗ ಬಹಳ ನೋವಾಗಿತ್ತು. ವರ್ಷ ಕಳೆದ ಮೇಲೆ ತೆಗೆದು ಓದಿದರೆ, ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ ಎಂದು ದುಡ್ಡು ಕೇಳಿದ್ದೆ ಅನ್ನಿಸಿತು.

ಎರಡನೇ ಅರ್ಜಿ ಹುಟ್ಟಿದ್ದು ಒಂದು ಬೀಗದ ಮುಂದೆ. ಬೇರೆ ಕೆಲಸಕ್ಕೆ ಹೋಗಿದ್ದ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದಿತ್ತು. ಜಗಲಿಯ ಮೇಲೆ ಖಾಲಿ ಕ್ಯಾನ್ ಇಟ್ಟುಕೊಂಡು ಕೂತಿದ್ದ ಅಜ್ಜಿ, “ಕಾಯಿನ್ ಹಾಕಿದ್ರೆ ನುಂಗ್ತಿತ್ತು, ನೀರು ಬರ್ತಿರಲಿಲ್ಲ. ಆಮೇಲೆ ಬೀಗನೇ ಹಾಕವ್ರೆ ಕಣಮ್ಮ” ಎಂದರು. ಹಾಗಾದರೆ ಈಗ ಯಾವ ನೀರು ಕುಡಿಯುತ್ತೀರಿ ಎಂದೆ. ಬೀದಿ ನಲ್ಲಿಯ ಕಡೆ ಕೈ ತೋರಿಸಿದರು. ಅದು ಫ್ಲೋರೈಡ್ ತೆಗೆಯದ ಕೊಳವೆಬಾವಿ ನೀರು. ಘಟಕ ಕೆಟ್ಟರೆ ಎಷ್ಟು ದಿನ ಕೆಟ್ಟೇ ಇರುತ್ತದೆ, ಆ ದಿನಗಳಲ್ಲಿ ಊರು ಎಷ್ಟು ಫ್ಲೋರೈಡ್ ಕುಡಿಯುತ್ತದೆ? ನನ್ನ ಇಡೀ ಅರ್ಜಿ ಆ ಒಂದು ಪ್ರಶ್ನೆಯ ಮೇಲೆ ನಿಂತಿತು.

ಅರ್ಜಿ ಬರೆಯುವ ಮೊದಲೇ ಎರಡು ತಿಂಗಳು ಸ್ವಂತ ಖರ್ಚಿನಲ್ಲಿ ಓಡಾಡಿದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಮೂರು ಊರಿನ ಘಟಕಗಳ ದುರಸ್ತಿ ದಾಖಲೆ ಕೇಳಿದೆ. ನಮ್ಮ ರಾಜ್ಯದ ನಿಯಮದಂತೆ ಆರ್‌ಟಿಐ ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಹದಿನಾಲ್ಕು ಹಾಳೆ ಬಂತು. ಈ ನಡುವೆ ಸ್ಥಳದಲ್ಲೇ ಫ್ಲೋರೈಡ್ ಪರೀಕ್ಷಿಸುವ ಒಂದು ಫೀಲ್ಡ್ ಕಿಟ್ ಕೊಂಡಿದ್ದೆ. ಶಾಲೆಯ ಕಟ್ಟೆಯ ಮೇಲೆ ಕೂತು ನಲ್ಲಿ ನೀರಿಗೆ ದ್ರಾವಣದ ಹನಿ ಬಿಟ್ಟೆ. ಗುಲಾಬಿ ಬಣ್ಣ ಕಣ್ಣೆದುರೇ ಹಳದಿಗೆ ತಿರುಗಿತು. ಹಳದಿಯಾದಷ್ಟೂ ಫ್ಲೋರೈಡ್ ಹೆಚ್ಚು. ಪಕ್ಕದಲ್ಲಿದ್ದ ನೀರುಗಂಟಿ ಏನೂ ಮಾತಾಡಲಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5. ಕಿಟ್ಟಿನ ಬಣ್ಣ ನಂಬಿ ವರದಿ ಬರೆಯಲಾಗದು, ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಅನುದಾನ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನ ಬಳಿ ಇರಲಿಲ್ಲ.

ಎಲ್ಲಿಗೆ ಅರ್ಜಿ ಹಾಕುವುದು ಎಂಬುದರಲ್ಲೂ ಒಂದು ತೊಡಕಿತ್ತು. ವಾಷಿಂಗ್ಟನ್ನಿನ ಪುಲಿಟ್ಜರ್ ಸೆಂಟರ್, ಇಂಟರ್‌ನ್ಯೂಸ್‌ನ ಅರ್ಥ್ ಜರ್ನಲಿಸಂ ನೆಟ್‌ವರ್ಕ್ ಇಂಥ ಕೆಲಸಕ್ಕೆ ನೆರವು ಕೊಡುತ್ತವೆ. ಆದರೆ 2010ರ ವಿದೇಶಿ ವಂತಿಗೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪತ್ರಿಕೆಯ ವರದಿಗಾರರು, ಅಂಕಣಕಾರರು, ಸಂಪಾದಕರು ವಿದೇಶಿ ವಂತಿಗೆ ಪಡೆಯುವಂತಿಲ್ಲ. ಮಾಡಿದ ಕೆಲಸಕ್ಕೆ ಸಿಗುವ ಸಂಭಾವನೆಯ ಮಾತು ಬೇರೆ. ನಾನು ಪತ್ರಿಕೆಗೆ ಕಾಯಂ ಬರೆಯುವವಳು. ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಕೇಳಿ, ದೇಶದೊಳಗಿನ ದುಡ್ಡಿನಿಂದಲೇ ನಡೆಯುವ ಒಂದು ಪ್ರತಿಷ್ಠಾನವನ್ನು ಆರಿಸಿಕೊಂಡೆ. ಇಂಥ ಅರ್ಜಿ ಹಾಕುವ ಪ್ರತಿ ಕನ್ನಡ ಪತ್ರಕರ್ತರೂ ಮೊದಲು ಈ ಅರ್ಧ ಗಂಟೆ ಎತ್ತಿಡಬೇಕು.

ಪ್ರಸ್ತಾವವನ್ನು ಕನ್ನಡದಲ್ಲೇ ಬರೆದು ಆಮೇಲೆ ಇಂಗ್ಲಿಷಿಗೆ ತಂದೆ. ಇಂಗ್ಲಿಷಿನಲ್ಲೇ ಶುರು ಮಾಡಿದಾಗ ದೊಡ್ಡ ದೊಡ್ಡ ಪದಗಳು ಬರುತ್ತಿದ್ದವು, ಅಜ್ಜಿಯ ಕ್ಯಾನ್ ಮಾಯವಾಗುತ್ತಿತ್ತು. ಬಜೆಟ್ಟಿಗೆ ಮೂರು ದಿನ ಹಿಡಿಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಹೆದ್ದಾರಿಯಿಂದ ಒಳಗಿನ ಊರುಗಳಿಗೆ ಆಟೋ ಬೇಕು. ಅದನ್ನು ಊರಿನ ಹೆಸರು, ಕಿಲೋಮೀಟರ್ ಸಮೇತ ಬರೆದೆ. ನೀರಿನ ಪರೀಕ್ಷೆ, ಜೆರಾಕ್ಸ್, ನನ್ನ ದಿನಗೂಲಿ, ಎಲ್ಲಕ್ಕೂ ಬೇರೆ ಬೇರೆ ಸಾಲು. ದಿನಗೂಲಿ ಬರೆಯಲು ಸಂಕೋಚವಾಗಿತ್ತು. ಈಗ ಹೇಳುತ್ತೇನೆ, ಅದನ್ನು ಬಿಡಬೇಡಿ. ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ತೆರಿಗೆ, ಎಂದು ಹತ್ತು ಪರ್ಸೆಂಟ್ ಮುರಿದುಕೊಂಡೇ ಕೈಗೆ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅರ್ಜಿಯ ಜೊತೆ ಇಡಲು, ವರದಿಯನ್ನು ಪ್ರಕಟಿಸುತ್ತೇವೆ ಎಂಬ ಪತ್ರ ಕೊಡಲು ನಮ್ಮ ಸಂಪಾದಕರು ಹಿಂದೆ ಮುಂದೆ ನೋಡಿದರು. “ದುಡ್ಡು ಕೊಟ್ಟವರು ನಾಳೆ ಕಾಪಿ ನೋಡ್ಬೇಕು ಅಂದ್ರೆ ಏನ್ಮಾಡ್ತೀಯಮ್ಮ?” ನ್ಯಾಯವಾದ ಪ್ರಶ್ನೆ. ಪ್ರಕಟಣೆಗೆ ಮುನ್ನ ವರದಿಯನ್ನು ಯಾರಿಗೂ ತೋರಿಸುವುದಿಲ್ಲ ಎಂಬ ಸಾಲು ಒಪ್ಪಂದದಲ್ಲಿ ಇದ್ದರೆ ಮಾತ್ರ ಸಹಿ ಹಾಕುತ್ತೇನೆ ಎಂದೆ. ಪ್ರತಿಷ್ಠಾನದವರು ಆ ಸಾಲನ್ನು ಮೊದಲೇ ಸೇರಿಸಿದ್ದರು. ಸಂದರ್ಶನದಲ್ಲಿ ಅವರು ಕೇಳಿದ್ದು ನೆನಪಿದೆ: “ಘಟಕಗಳೆಲ್ಲ ಸರಿಯಾಗೇ ನಡೀತಿದ್ರೆ?” ಹೇಗೆ ನಡೆಸುತ್ತಿದ್ದಾರೆ ಎಂದು ಬರೆಯುತ್ತೇನೆ, ಅದೂ ಯಾರಿಗೂ ಗೊತ್ತಿಲ್ಲ ಎಂದೆ.

ಹನ್ನೊಂದು ಊರು, ಐದು ತಿಂಗಳು. ಆಟೋದವರು ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟ ರಸೀದಿಗಳನ್ನೂ ಅಂಟಿಸಿ ಲೆಕ್ಕ ಒಪ್ಪಿಸಿದೆ. ಸ್ವಲ್ಪ ಹಣ ಉಳಿದಿತ್ತು. ಅದರಲ್ಲಿ ವರದಿಯ ಪ್ರತಿ ಮಾಡಿಸಿ ಊರುಗಳಿಗೆ ಹಂಚಬಹುದೇ ಎಂದು ಮೇಲ್ ಹಾಕಿ, ಒಪ್ಪಿಗೆ ಬಂದ ಮೇಲೆ ಮಾಡಿಸಿದೆ. ಪ್ರತಿ ಊರಿನ ಹಾಳೆಯ ಮೇಲೂ ಆ ಊರಿನ ನಲ್ಲಿ ನೀರಿನ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಮೊದಲ ಊರಿನ ನೀರುಗಂಟಿ ಒಂದನ್ನು ಘಟಕದ ಬಾಗಿಲಿಗೆ ಅಂಟಿಸಿ, “ಇನ್ನೊಂದು ಕೊಡಿ ಮೇಡಂ, ಗ್ರಾಮಸಭೆಗೆ ಬೇಕು” ಎಂದು ಕೇಳಿ ಪಡೆದರು.