ಮಂಡಿ ಬದಲಾಯಿಸಿಕೊಂಡು ಮಲೆನಾಡಿನ ಮನೆಗೆ ಬಂದ ಮೇಲೆ: ಫಿಜಿಯೋಥೆರಪಿಸ್ಟ್ ಆಗಿ ನನ್ನ ಅನುಭವ

ಮಂಡಿ ಆಪರೇಷನ್ನಿಗೆ ಹೊರಟವರು ನನ್ನನ್ನು ಮೊದಲು ಕೇಳುವುದೇ ಲೋಹದ ವಿಷಯ. ‘ಟೈಟಾನಿಯಂ ಒಳ್ಳೇದಾ? ಬಂಗಾರದ ಬಣ್ಣದ್ದು ಬಂದಿದೆಯಂತಲ್ಲ, ಅದನ್ನೇ ಹಾಕಿಸಬೇಕಾ? ಫಾರಿನ್ನಿಂದೇ ಆಗಬೇಕಾ?’ ಶಿವಮೊಗ್ಗದಲ್ಲಿ ಆಪರೇಷನ್ ಮುಗಿಸಿ ಊರಿಗೆ ವಾಪಸಾದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ ಕಡೆ ಓಡಾಟ ಜಾಸ್ತಿ. ಯಾವ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿ, ಅಂತ ತೀರ್ಮಾನಿಸುವವರು ಸರ್ಜನ್, ನಾನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಸಿಗುವ ತನಕ ನನ್ನ ಬೇರೆ ಯಾವ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಅದಕ್ಕೇ ಒಂದು ಸ್ಯಾಂಪಲ್ ಮಂಡಿ ಸದಾ ಬ್ಯಾಗಿನಲ್ಲಿ ಇರುತ್ತದೆ.

ಕೈಗೆ ಕೊಟ್ಟ ತಕ್ಷಣ ಎಲ್ಲರೂ ಮಾಡುವುದು ಒಂದೇ, ತೂಕ ನೋಡುವುದು. ‘ಇಡೀ ಮಂಡಿ ಕತ್ತರಿಸಿ ತೆಗೀತಾರೆ’ ಅಂತ ಹೆದರಿದವರಿಗೆ, ಹಲ್ಲಿಗೆ ಕ್ಯಾಪ್ ಹಾಕಿಸಿದ ಹಾಗೆ ಇದು, ಸವೆದ ಮೇಲ್ಮೈ ಮಾತ್ರ ಕೆತ್ತಿ ಮೇಲೆ ಕೂರಿಸುತ್ತಾರೆ ಅಂತ ತೋರಿಸುತ್ತೇನೆ. ತೊಡೆಮೂಳೆಯ ತುದಿಗೆ ಬರುವ ಭಾಗ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದು. ಹೊರಮೈ ಮುಖ ಕಾಣುವಷ್ಟು ನುಣುಪು. ಒಳಮೈ ಬೇಕಂತಲೇ ಒರಟು, ಮೂಳೆಗೆ ಅಂಟಿಸುವ ಸಿಮೆಂಟ್ ಹಿಡಿದುಕೊಳ್ಳಲಿ ಅಂತ. ಕೆಳಗಿನ ಮೂಳೆಯ ಮೇಲೆ ಒಂದು ತಟ್ಟೆ. ಹೆಚ್ಚಿನವು ಟೈಟಾನಿಯಂ ಮಿಶ್ರಲೋಹದವು, ಕೆಲವು ಕೋಬಾಲ್ಟ್-ಕ್ರೋಮಿಯಮ್ಮಿನವೇ. ಇವೆರಡರ ಮಧ್ಯೆ ಬಿಳೀ ಬಿಲ್ಲೆ, ಪಾಲಿಎಥಿಲೀನ್.

‘ಇಷ್ಟು ದುಡ್ಡು ಸುರಿದು ಪ್ಲಾಸ್ಟಿಕ್ಕಾ ಮಾರಾಯ್ತಿ!’ ಅಂದರು ಕೋಣಂದೂರು ಕಡೆಯ ಒಬ್ಬ ಹಿರಿಯರು. ಹೌದು, ಪ್ಲಾಸ್ಟಿಕ್ಕೇ. ನಿಜವಾಗಿ ಸವೆಯುವುದೂ ಅದೇ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ 1962ರಲ್ಲಿ ಸೊಂಟದ ಕೀಲಿಗೆ ಬಳಸಲು ಶುರುಮಾಡಿದ ವಸ್ತುವೇ ಇವತ್ತಿಗೂ ಮಂಡಿಯ ಒಳಗೆ ಕೂತಿದೆ. ಈಗ ವಿಕಿರಣ ಹಾಯಿಸಿ ಗಟ್ಟಿ ಮಾಡುತ್ತಾರೆ. ಕೆಲವಕ್ಕೆ ಬೇಗ ಹಾಳಾಗದಿರಲಿ ಅಂತ ವಿಟಮಿನ್ ಇ ಸೇರಿಸುತ್ತಾರೆ. ಟೈಟಾನಿಯಂ ಮೂಳೆಯ ಜೊತೆ ಚೆನ್ನಾಗಿ ಹೊಂದುತ್ತದೆ, ಆದರೆ ಉಜ್ಜಾಟಕ್ಕೆ ಆಗದು, ಗೀರು ಬೀಳುತ್ತದೆ. ಹಾಗಾಗಿ ‘ಪೂರ್ತಿ ಟೈಟಾನಿಯಂ ಮಂಡಿ’ ಅಂತ ಯಾರಾದರೂ ಹೇಳಿದರೆ ಉಜ್ಜುವ ಜಾಗದಲ್ಲಿ ಏನಿದೆ ಅಂತ ಕೇಳಿ. ಬಂಗಾರದ ಬಣ್ಣದ್ದರಲ್ಲಿ ಬಂಗಾರ ಇಲ್ಲ. ಕೋಬಾಲ್ಟ್-ಕ್ರೋಮಿಯಂ ಮೇಲೆ ಟೈಟಾನಿಯಂ ನೈಟ್ರೈಡ್ ಜಾತಿಯ ಲೇಪನ ಅದು. ಕಪ್ಪಗಿರುವುದು ಆಕ್ಸಿಡೈಸ್ಡ್ ಜಿರ್ಕೋನಿಯಂ. ಮೇಲ್ಪದರ ಸೆರಾಮಿಕ್ ಆಗಿರುತ್ತದೆ. ಕೃತಕ ಆಭರಣ, ವಾಚಿನ ಚೈನು ಹಾಕಿದರೆ ಚರ್ಮ ಕೆರೆದು ಗುಳ್ಳೆ ಏಳುವವರು ಅದನ್ನು ಸರ್ಜನ್‌ಗೆ ಮೊದಲೇ ಹೇಳಬೇಕು. ಅಂಥವರ ವಿಷಯದಲ್ಲಿ ಈ ಲೇಪನ, ಜಿರ್ಕೋನಿಯಂ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮಿಕ್ಕವರಿಗೆ ಬಣ್ಣ ನೋಡಿ ಹೆಚ್ಚು ದುಡ್ಡು ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ದುಡ್ಡಿನ ಮಾತು ಬಂತು. ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಮೊದಲು ಒಂದೂವರೆ ಲಕ್ಷದ ಮೇಲೆ ಬೀಳುತ್ತಿತ್ತು. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಮ್ಮಿನವಕ್ಕೆ 76,600 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು, ಜಿಎಸ್‌ಟಿ ಬೇರೆ. ಇಂಪ್ಲಾಂಟಿನ ಬೆಲೆ, ಕಂಪನಿ, ಬ್ಯಾಚ್ ನಂಬರನ್ನು ಬಿಲ್ಲಿನಲ್ಲಿ ಪ್ರತ್ಯೇಕ ತೋರಿಸಬೇಕು ಅಂತಲೂ ಆಗ ಹೇಳಿತು. ಆ ಕಾಗದ, ಅದರ ಜೊತೆ ಬರುವ ಸ್ಟಿಕರ್ ಎರಡನ್ನೂ ಜಮೀನಿನ ಪಹಣಿ ಇಡುವ ಜಾಗದಲ್ಲೇ ಇಡಿ. ಮುಂದೆ ಎಂದಾದರೂ ಬಿಲ್ಲೆ ಮಾತ್ರ ಬದಲಿಸಬೇಕಾಗಿ ಬಂದರೆ ಯಾವ ಕಂಪನಿಯ ಯಾವ ಸೈಜು ಅಂತ ಹುಡುಕುವುದು ಅದರಿಂದಲೇ.

‘ಎಷ್ಟು ವರ್ಷ ಬಾಳಿಕೆ?’ ಬೇರೆ ಬೇರೆ ದೇಶಗಳ ದಾಖಲೆಗಳನ್ನು ಒಟ್ಟು ಮಾಡಿ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಪೂರ್ತಿ ಬದಲಾಯಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ದಾಟುತ್ತವೆ. ಎಪ್ಪತ್ತರ ವಯಸ್ಸಿನವರಿಗೆ ಇದನ್ನು ಹೇಳಿದರೆ ‘ನನಗಿಂತ ಅದೇ ಗಟ್ಟಿ ಹಂಗಾರೆ’ ಅಂತ ನಗುತ್ತಾರೆ.

ಮನೆ ಮನೆಗೆ ಹೋದಾಗ ನನ್ನ ಕಣ್ಣಿಗೆ ಬೀಳುವ ತೊಂದರೆಗಳಲ್ಲಿ ಲೋಹದ್ದು ತೀರಾ ಅಪರೂಪ. ಮೊದಲ ವಾರಗಳಲ್ಲಿ ಕಾಲು ಪೂರ್ತಿ ನೇರ ಆಯಿತೋ ಇಲ್ಲವೋ, ಎಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಎಲ್ಲರಿಗೂ ಮಡಚುವುದರದ್ದೇ ಚಿಂತೆ. ‘ತೊಂಬತ್ತು ಆಯ್ತಾ, ನೂರು ಆಯ್ತಾ’ ಅಂತ ಫೋನಿನಲ್ಲಿ ನೆಂಟರೂ ಕೇಳುತ್ತಾರೆ. ನಾನು ಮೊದಲು ನೋಡುವುದು ನೇರ. ಹತ್ತು ಡಿಗ್ರಿ ಬಾಗಿಯೇ ಉಳಿದ ಮಂಡಿಯಲ್ಲಿ ನಿಂತರೂ ನಡೆದರೂ ತೊಡೆಯ ಸ್ನಾಯು ಬಿಗಿ ಹಿಡಿದೇ ಇರಬೇಕು. ಅದು ಬೇಗ ಸೋಲುತ್ತದೆ, ಕುಂಟು ಹೋಗುವುದಿಲ್ಲ, ಆಮೇಲೆ ಸೊಂಟ, ಇನ್ನೊಂದು ಮಂಡಿ ಎರಡೂ ದೂರು ಶುರುಮಾಡುತ್ತವೆ. ಮಡಚುವುದು ತಿಂಗಳುಗಟ್ಟಲೆ ಸುಧಾರಿಸುತ್ತಾ ಹೋಗಬಹುದು. ನೇರ ಮಾಡುವುದನ್ನು ಶುರುವಿನಲ್ಲಿ ಬಿಟ್ಟರೆ ಆಮೇಲೆ ತರುವುದು ಬಹಳ ಕಷ್ಟ.

ಇದಕ್ಕೆ ದೊಡ್ಡ ಶತ್ರು ದಿಂಬು. ನೋವು ಅಂದ ಕೂಡಲೆ ಮಗಳೋ ಸೊಸೆಯೋ ಮಂಡಿಯ ಕೆಳಗೆ ಒಂದು ದಿಂಬು ಕೊಡುತ್ತಾರೆ. ಹಿತವಾಗುತ್ತದೆ, ನಿಜ. ಹೊಸನಗರದ ಹತ್ತಿರ ಒಂದು ಮನೆಯಲ್ಲಿ ಅಮ್ಮನ ಮಂಡಿಯ ಕೆಳಗೆ ಹತ್ತಿಯ ದಿಂಬು ಎರಡು ಪದರ ಇತ್ತು. ಎರಡನ್ನೂ ತೆಗೆಸಿ, ಅವರನ್ನು ಜಗಲಿಯ ಹಲಗೆಯ ಮೇಲೆ ಮಲಗಿಸಿದೆ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟೆ. ಮಂಡಿಗೆ ಯಾವ ಆಸರೆಯೂ ಇಲ್ಲ, ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಅಳೆಯುವ ಕೋನಮಾಪಕದ ತಿರುಗಣಿಯನ್ನು ಮಂಡಿಯ ಹೊರಬದಿಯ ಉಬ್ಬಿಗೆ ಹಿಡಿದು, ಒಂದು ತೋಳನ್ನು ಸೊಂಟದ ಕೀಲಿನ ಕಡೆಗೆ, ಇನ್ನೊಂದನ್ನು ಪಾದದ ಗಿಣ್ಣಿನ ಕಡೆಗೆ ಇಟ್ಟೆ. ಹನ್ನೆರಡು ಡಿಗ್ರಿ ಬಾಕಿ.

‘ಅಮ್ಮಾ, ಪಾದ ನಿಮ್ಮ ಕಡೆ ಎಳ್ಕೊಳ್ಳಿ. ಈಗ ಮಂಡಿಯನ್ನ ಹಲಗೆಗೆ ಒತ್ತಿ. ತೊಡೆ ಬಿಗಿ ಆಗ್ಬೇಕು.’

‘ಒತ್ತಿದ್ನಲ್ಲೇ ಮಾರಾಯ್ತಿ, ಇನ್ನೆಂತ ಒತ್ತೂದು!’

ಒತ್ತಿರಲಿಲ್ಲ. ಸರಿಯಾಗಿ ಒತ್ತಿದರೆ ಮಂಡಿಯ ಚಿಪ್ಪು ತೊಡೆಯ ಕಡೆಗೆ ಸ್ವಲ್ಪ ಮೇಲೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಅವರ ಕೈಯನ್ನೇ ಚಿಪ್ಪಿನ ಮೇಲೆ ಇಡಿಸಿ ಇನ್ನೊಮ್ಮೆ ಮಾಡಿಸಿದಾಗ ಅದು ಸರಿಯಿತು, ‘ಓ’ ಅಂದರು. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಎಣಿಕೆ ತಪ್ಪುತ್ತದೆ ಅಂದಿದ್ದಕ್ಕೆ ಅಷ್ಟೋತ್ತರ ಹೇಳಿಕೊಳ್ಳಿ ಅಂದೆ, ನಾಮಕ್ಕೊಂದು ಒತ್ತು. ‘ಸಹಸ್ರನಾಮ ಬೇಡ್ವಾ?’ ಅಂತ ಕೇಳಿದರು. ಬೇಡ, ಒಮ್ಮೆಗೇ ಅಷ್ಟು ಮಾಡಿದರೆ ರಾತ್ರಿ ಮಂಡಿ ಬಾತುಕೊಳ್ಳುತ್ತದೆ. ಅಷ್ಟೋತ್ತರವನ್ನೂ ದಿನಕ್ಕೆ ನಾಲ್ಕು ಪಾಲು ಮಾಡಿ ಅಂದೆ. ಸೊಸೆಗೆ ಅಳತೆಯ ಸಾಮಾನು ಬೇಕಿಲ್ಲ. ಟವೆಲ್ ತೆಗೆದು ಕಾಲನ್ನು ಹಲಗೆಯ ಮೇಲೆ ಚಾಚಿದಾಗ ಮಂಡಿಯ ಕೆಳಗೆ ಅಂಗೈ ತೂರಿಸಿ ನೋಡಿ, ಜಾಗ ಕಿರಿದಾಗುತ್ತಾ ಬರಬೇಕು, ಅಂಗೈ ತೂರದ ದಿನ ಫೋನ್ ಮಾಡಿ ಅಂತ ಹೇಳಿ ಬಂದೆ. ಫೋನ್ ಬಂತು.

ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಕೆಲಸ ಸಲೀಸು. ಆಮೇಲೆ ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ. ಬಿಸಿ ಎಣ್ಣೆ ಹಚ್ಚಿ ನೀವುವುದು ಮಾತ್ರ ಬೇಡ. ನಮ್ಮ ಕಡೆ ನಾಟಿ ಎಣ್ಣೆಯ ಶೀಶೆ ಇಲ್ಲದ ಮನೆ ಇಲ್ಲ, ಅದನ್ನು ನನ್ನೆದುರೇ ಅಡಗಿಸಿಟ್ಟವರೂ ಇದ್ದಾರೆ! ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನೀವುವುದು ಅಪಾಯ. ಮೀನಖಂಡ ಬಾತು ನೋಯುತ್ತಿದ್ದರೆ, ಜ್ವರ ಬಂದರೆ, ಗಾಯದಿಂದ ಏನಾದರೂ ಒಸರಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಕ್ಷಣವೂ ಕಾಯಬಾರದು. ಆದರೆ ಮಂಡಿ ಮುಟ್ಟಿದರೆ ಬೆಚ್ಚಗಿರುವುದು, ಗಾಯದ ಹೊರಬದಿ ಜೋಮು ಹಿಡಿದಂತಿರುವುದು, ನಡೆಯುವಾಗ ಟಕ್ ಟಕ್ ಸದ್ದು, ಇವು ತಿಂಗಳುಗಟ್ಟಲೆ ಇರಬಹುದು. ಇವನ್ನು ಮೊದಲೇ ಯಾರೂ ಹೇಳದಿದ್ದವರು ‘ಆಪರೇಷನ್ ಕೆಟ್ಟಿತು’ ಅಂತ ಕೂತುಬಿಡುತ್ತಾರೆ. ಆಪರೇಷನ್ ಆದ ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ ಅನ್ನುವುದು ವೈದ್ಯರ ನಡುವೆ ಹಳೆಯ ಮಾತು. ಅದರಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು ಅಂತ ನನ್ನ ಅಂದಾಜು.

ಗಂಡಸರ ಪ್ರಶ್ನೆ ಬೇರೆ: ‘ಮೆಟ್ಟುಗತ್ತಿ ಮುಂದೆ ಕೂರಬಹುದಾ?’ ನೆಲದ ಮೇಲೆ ಕೂತು ಅಡಿಕೆ ಸುಲಿಯಲು ಮಂಡಿ ತುಂಬ ಮಡಚಬೇಕು. ಹೆಚ್ಚು ಮಡಚಲೆಂದೇ ಮಾಡಿದ ‘ಹೈ ಫ್ಲೆಕ್ಸ್’ ಅನ್ನುವ ಇಂಪ್ಲಾಂಟ್ ಹಾಕಿಸಿದರೆ ಸಾಕು ಅಂತ ಕೆಲವರು ನಂಬಿರುತ್ತಾರೆ. ಆಪರೇಷನ್ನಿಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತೋ ಅದರ ಮೇಲೇ ಆಮೇಲಿನದ್ದೂ ಬಹುಪಾಲು ನಿಂತಿದೆ. ಹಾಗಾಗಿ ದಿನಾಂಕ ಗೊತ್ತಾದ ದಿನದಿಂದಲೇ ತೊಡೆಯ ವ್ಯಾಯಾಮ ಶುರುಮಾಡಿ ಅನ್ನುತ್ತೇನೆ. ತೀರ್ಥಹಳ್ಳಿ ಕಡೆ ಒಬ್ಬರು ಕತ್ತಿಯನ್ನು ಬೆಂಚಿಗೆ ಬಿಗಿಸಿಕೊಂಡು ಕುರ್ಚಿಯಲ್ಲಿ ಕೂತೇ ಸುಲಿಯುತ್ತಾರೆ. ನನಗೆ ಅದೇ ಸರಿ ಕಾಣುತ್ತದೆ. ಇನ್ನು ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನಲ್ಲಿ ಮೆಷಿನ್ ಕೂಗುತ್ತದಾ ಅಂದರೆ, ಕೂಗಬಹುದು. ಮಂಡಿ ಆಪರೇಷನ್ ಆಗಿದೆ ಅಂತ ಹೇಳಿದರಾಯಿತು.

ಮನೆಯನ್ನು ಆಪರೇಷನ್ನಿಗೆ ಮೊದಲೇ ಸರಿ ಮಾಡಿಸಿ. ಮಲೆನಾಡಿನ ಜಗಲಿ ಮೆಟ್ಟಿಲು ಎತ್ತರ, ಹಿಡಿಯಲು ಏನೂ ಇರುವುದಿಲ್ಲ. ಕಂಬದಿಂದ ಅಂಗಳಕ್ಕೆ ಒಂದು ಜಿಐ ಪೈಪು ಹಾಕಿಸಿದರೆ ಸಾಕು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕಮೋಡ್ ಇಲ್ಲದಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಕಮೋಡ್ ಕುರ್ಚಿ ತನ್ನಿ. ಬಚ್ಚಲು ಅಂಗಳದ ಆಚೆ ಇದ್ದರೆ ದಾರಿಯ ಪಾಚಿ ಕೆರೆಸಿ.

ತುರ್ತು ಇಲ್ಲದವರಿಗೆ, ಸರ್ಜನ್ ಒಪ್ಪಿದರೆ, ಫೆಬ್ರವರಿ ಇಲ್ಲವೇ ಮಾರ್ಚ್ ಅಂತ ಹೇಳುತ್ತೇನೆ. ಅಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದಿರುತ್ತದೆ, ನೋಡಿಕೊಳ್ಳಲು ಮನೆಯಲ್ಲಿ ಜನ ಬಿಡುವಾಗಿರುತ್ತಾರೆ, ಅಂಗಳ ಒಣಗಿರುತ್ತದೆ. ಜೂನಿನ ಮಳೆ ಹಿಡಿಯುವ ಹೊತ್ತಿಗೆ ಬಹಳಷ್ಟು ಮಂದಿ ವಾಕರ್ ಬಿಟ್ಟಿರುತ್ತಾರೆ. ಎರಡೂ ಮಂಡಿ ಒಟ್ಟಿಗೇ ಮಾಡಿಸುವ ಯೋಚನೆ ಇದ್ದರೆ ಹಿಡಿದು ಎಬ್ಬಿಸಲು ಮನೆಯಲ್ಲಿ ಗಟ್ಟಿಮುಟ್ಟಾದ ಇಬ್ಬರು ಇದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಮನೆಯಲ್ಲಿ ಇಬ್ಬರು ಮುದುಕರೇ ಇರುವ ಕಡೆ, ಒಂದಾದ ಮೇಲೆ ಒಂದು ಮಾಡಿಸಬಹುದಾ ಅಂತ ಸರ್ಜನ್‌ರನ್ನು ಕೇಳಿ.