14 ಬೇಡ, 50 ಸಾಕು: ಅಮೆರಿಕದ ಮೀಲ್ ಪ್ಲಾನ್, ನನ್ನ ಅನುಭವ

ಎಂಎಸ್ ಮಾಡಲು ಬಂದ ನಮ್ಮ ಹುಡುಗರಲ್ಲಿ ಮೀಲ್ ಪ್ಲಾನ್, ಅಂದರೆ ಕ್ಯಾಂಪಸ್ ಡೈನಿಂಗ್ ಹಾಲ್ ಊಟಕ್ಕೆ ಮುಂಗಡ ದುಡ್ಡು ಕಟ್ಟುವ ವಿಷಯಕ್ಕೆ ಎರಡೇ ಪಕ್ಷ. "ದುಡ್ಡು ದಂಡ, ಮನೇಲೇ ಬೇಯಿಸ್ಕೊ" ಅನ್ನುವವರು ಒಂದು ಕಡೆ. "ಒಲೆ ಮುಂದೆ ನಿಂತರೆ ಅಸೈನ್‌ಮೆಂಟ್ ಯಾರು ಮಾಡ್ತಾರೆ" ಅಂತ ವಾರಕ್ಕೆ 14 ಊಟದ ಪ್ಲಾನ್ ತಗೊಳ್ಳುವವರು ಇನ್ನೊಂದು ಕಡೆ. ನಾನು ಎರಡೂ ಕಡೆ ಇದ್ದು ನೋಡಿದೆ. ಮೂರನೇ ಸೆಮಿಸ್ಟರ್‌ಗೆ 50 ಊಟದ ಬ್ಲಾಕ್ ಪ್ಲಾನ್ (ವಾರದ ಲೆಕ್ಕವಲ್ಲ, ಇಡೀ ಸೆಮಿಸ್ಟರ್‌ಗೆ ಒಟ್ಟು ಇಷ್ಟು ಊಟ ಅಂತ) ತಗೊಂಡಾಗ ರೂಮ್‌ಮೇಟ್‌ಗಳೆಲ್ಲ ನಕ್ಕರು. ಈಗ ಲೆಕ್ಕ ಕೇಳಿ.

ಮೊದಲ ಸೆಮಿಸ್ಟರ್, ಅಂದರೆ ಫಾಲ್‌ನಲ್ಲಿ 14ರ ಪ್ಲಾನ್. ಸೆಮಿಸ್ಟರ್‌ಗೆ ಸುಮಾರು 2,400 ಡಾಲರ್, ಅದರಲ್ಲಿ 150ರಷ್ಟು ಡೈನಿಂಗ್ ಡಾಲರ್, ಅಂದರೆ ಕ್ಯಾಂಪಸ್ ಕೆಫೆಗಳಲ್ಲಿ ಖರ್ಚು ಮಾಡುವ ದುಡ್ಡು. ಅದನ್ನು ಕಳೆದರೆ, 15 ವಾರಕ್ಕೆ 210 ಊಟ ಅಂದರೆ ಒಂದಕ್ಕೆ 11 ಡಾಲರ್ ಒಳಗೇ. ಪ್ಲಾನ್ ಇಲ್ಲದವರು ರಾತ್ರಿ ಊಟಕ್ಕೆ ಬಾಗಿಲಲ್ಲೇ 15 ಡಾಲರ್ ಕೊಡಬೇಕು. ಲಾಭ ಅಲ್ವಾ? ಆದರೆ ವಾರದ ಸ್ವೈಪ್ (ಕಾರ್ಡ್ ಉಜ್ಜಿ ಒಳಗೆ ಹೋಗುವ ಒಂದೊಂದು ಊಟ) ಆ ವಾರಕ್ಕೇ ಮುಗಿಯಿತು, ಉಳಿದದ್ದು ಮಾಯ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಡೈನಿಂಗ್ ಹಾಲ್‌ಗೇ ಬೀಗ. ನನ್ನ ಕ್ಲಾಸುಗಳೆಲ್ಲ ಮಧ್ಯಾಹ್ನದ ಮೇಲೆ. ಮಿಡ್‌ವೆಸ್ಟ್ ಚಳಿಯಲ್ಲಿ ಬರೀ ತಿಂಡಿಗೆ ಅಂತ ಬೆಳಗ್ಗೆ ಯಾರು ಬಸ್ ಹತ್ತುತ್ತಾರೆ? ವಾರಕ್ಕೆ ಎಂಟು ಊಟ ದಾಟಲೇ ಇಲ್ಲ. ತಿಂದ ಊಟ ಒಂದೊಂದಕ್ಕೂ ಬಿದ್ದದ್ದು ಹತ್ತಿರ ಹತ್ತಿರ 19 ಡಾಲರ್. ದಿನಾ ಬಾಗಿಲಲ್ಲೇ ದುಡ್ಡು ಕೊಟ್ಟಿದ್ದರೂ ಇದಕ್ಕಿಂತ ಕಮ್ಮಿಯಾಗುತ್ತಿತ್ತು!

ಎರಡನೇ ಸೆಮಿಸ್ಟರ್, ಸ್ಪ್ರಿಂಗ್‌ನಲ್ಲಿ ನಾಲ್ಕು ಜನ ಸೇರಿ ಸರದಿ ಅಡುಗೆ. ದಿನಸಿಗೆ ತಲಾ ತಿಂಗಳಿಗೆ 150 ಡಾಲರ್ ಆಸುಪಾಸು. ಸೋನಾ ಮಸೂರಿ, ತೊಗರಿಬೇಳೆ, ಇನ್‌ಸ್ಟಂಟ್ ಪಾಟ್, ಎಲ್ಲಾ ಇತ್ತು. ಮಿಡ್‌ಟರ್ಮ್‌ವರೆಗೆ ಚೆನ್ನಾಗೇ ನಡೆಯಿತು. ಆಮೇಲೆ ಒಬ್ಬನ ಸರದಿ ದಿನ ಬರೀ ಮ್ಯಾಗಿ, ಇನ್ನೊಬ್ಬ ಲ್ಯಾಬ್‌ನಿಂದ ಬರುವುದೇ ರಾತ್ರಿ 11ಕ್ಕೆ. ಸಿಂಕ್‌ನಲ್ಲಿ ತಳ ಹಿಡಿದ ಕುಕ್ಕರ್ ಮೂರು ದಿನ ನೆನೆಯುತ್ತಿತ್ತು. ಹಸಿವು ತಡೆಯದೆ ಹೊರಗೆ ತಿಂದ ಬರ್ರಿಟೊ, ಪಿಜ್ಜಾ ತಿಂಗಳಿಗೆ 100 ಡಾಲರ್ ದಾಟಿತು. "ಮನೆ ಅಡುಗೆ ಅಗ್ಗ" ಅನ್ನುವವರು ಈ ಬಾಬ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೂರನೇ ಸೆಮಿಸ್ಟರ್‌ನ ಮೊದಲ ಎರಡು ವಾರ ಯಾವ ಪ್ಲಾನೂ ತಗೊಳ್ಳಲಿಲ್ಲ. ನಮ್ಮಲ್ಲಿ ಗ್ರಾಡ್ (ಎಂಎಸ್, ಪಿಎಚ್‌ಡಿ) ವಿದ್ಯಾರ್ಥಿಗಳಿಗೆ ಕಡ್ಡಾಯ ಇಲ್ಲ, ಮೂರನೇ ವಾರದವರೆಗೂ ಕೊಳ್ಳಬಹುದು. (ಡಾರ್ಮ್‌ನಲ್ಲಿರುವ ಮೊದಲ ವರ್ಷದ ಅಂಡರ್‌ಗ್ರಾಡ್‌ಗಳಿಗೆ ಹೆಚ್ಚಿನ ಕಡೆ ಈ ಆಯ್ಕೆಯೇ ಇರುವುದಿಲ್ಲ, ಪಾಪ.) ಟೈಮ್‌ಟೇಬಲ್ ಪ್ರಿಂಟ್ ತೆಗೆದು, ರಾತ್ರಿ ಎಂಟರೊಳಗೆ ಮನೆ ಸೇರಲಾಗದ ದಿನಗಳಿಗೆ ಮಾತ್ರ ಗುರುತು ಹಾಕಿದೆ. ಮಂಗಳವಾರ, ಗುರುವಾರ. ಜೊತೆಗೆ ಭಾನುವಾರದ ಬ್ರಂಚ್, ಅದು ನನ್ನ ಚಪಲ. ಉಳಿದ 13 ವಾರಕ್ಕೆ ಮೂರರಂತೆ 39, ಪರೀಕ್ಷೆ ದಿನಗಳಿಗೆ ಅಂತ ಇನ್ನು ಹನ್ನೊಂದು.

50ರ ಬ್ಲಾಕ್‌ಗೆ 600 ಡಾಲರ್ ಆಯಿತು. ಊಟಕ್ಕೆ 12. "14ರ ಪ್ಲಾನಲ್ಲಿ 11 ಇದೆಯಲ್ಲೋ" ಅಂತ ಎಲ್ಲರೂ ನಕ್ಕದ್ದು ಇಲ್ಲೇ. ಅವರು ಪ್ಲಾನ್‌ನಲ್ಲಿ ಬರೆದ ಊಟದಿಂದ ಭಾಗಿಸುತ್ತಿದ್ದರು, ನಾನು ಹೊಟ್ಟೆಗೆ ಹೋಗುವ ಊಟದಿಂದ. ಬ್ಲಾಕ್ ಸ್ವೈಪ್ ವಾರಕ್ಕೆ ಸಾಯುವುದಿಲ್ಲ, ಸೆಮಿಸ್ಟರ್ ಕೊನೆವರೆಗೂ ಇರುತ್ತದೆ. ಉಳಿದ ದಿನ ನನ್ನ ಪಾಡಿಗೆ ನಾನು ಅನ್ನ ಸಾರು. ದಿನಸಿ ಸೇರಿ ಇಡೀ ಸೆಮಿಸ್ಟರ್ 1,200ರ ಹತ್ತಿರ ಮುಗಿಯಿತು. 14ರ ಪ್ಲಾನ್‌ನ ಅರ್ಧ. ಇನ್ನೊಂದು ವಿಷಯ: ಬ್ಲಾಕ್ ಸ್ವೈಪನ್ನು ಬೆಳಗಿನ ತಿಂಡಿಗೆ ಉಜ್ಜಬೇಡಿ. ಬಾಗಿಲಲ್ಲಿ ಕೊಟ್ಟರೂ ಅದಕ್ಕೆ 9-10 ಡಾಲರ್ ಅಷ್ಟೇ.

ಸಸ್ಯಾಹಾರಿಗಳು ಸೂಪ್ ಮುಟ್ಟುವ ಮುಂಚೆ ಕೇಳಿ, ತರಕಾರಿ ಸೂಪ್ ಅಂದರೂ ಚಿಕನ್ ಸ್ಟಾಕ್ ಇರಬಹುದು. ನಾನು ಸುಮ್ನೆ ಸಲಾಡ್ ಬಾರ್‌ನಲ್ಲೇ ಪ್ರಯೋಗ ಶುರು ಮಾಡಿದೆ. ಬೇಯಿಸಿದ ಕಾಬೂಲಿ ಕಡಲೆ, ತುರಿದ ಕ್ಯಾರೆಟ್, ಟಾಕೋ ಕೌಂಟರ್‌ನ ಕೊತ್ತಂಬರಿ ಮತ್ತು ಹಾಲಪೀನ್ಯೊ ಮೆಣಸಿನಕಾಯಿ, ಟೀ ಹತ್ತಿರದ ನಿಂಬೆ ಹೋಳು. ಒಗ್ಗರಣೆ ಇಲ್ಲದ ಉಸಲಿ. ಮೊಸರನ್ನ ಮೊದಲು ಕೆಟ್ಟಿತು, ಗ್ರೀಕ್ ಯೋಗರ್ಟ್ ಅನ್ನಕ್ಕೆ ಗಾರೆಯಂತೆ ಅಂಟಿಕೊಂಡಿತು. ಬಿಸಿ ಅನ್ನಕ್ಕೆ ಮೊದಲು ಹಾಲು ಹಾಕಿ ಹಿಸುಕಿ, ಆಮೇಲೆ ಯೋಗರ್ಟ್ ಎರಡೇ ಚಮಚ ಕಲಸಿದರೆ ಸರಿಹೋಗುತ್ತದೆ. ಉಪ್ಪಿನಕಾಯಿ ಬಾಟಲಿ ಬ್ಯಾಗಲ್ಲೇ ಇರುತ್ತಿತ್ತು. ಬಿಸಿ ದೋಸೆಯಂಥದ್ದೊಂದು ಯಾವ ಕೌಂಟರ್‌ನಲ್ಲಿ, ಯಾವ ಹೊತ್ತಿಗೆ ಮಾಡಿಸಿಕೊಳ್ಳಬಹುದು ಅನ್ನುವುದನ್ನು ಹೇಳಲ್ಲ. ಈಗಲೇ ಅಲ್ಲಿ ಸಾಲು ಜಾಸ್ತಿ.

ಕೊನೆ ವಾರದಲ್ಲಿ ನಾಲ್ಕೈದು ಸ್ವೈಪ್ ಉಳಿದವು. ನಮ್ಮ ಬ್ಲಾಕ್‌ನಲ್ಲಿ ಅತಿಥಿಗೂ ಉಜ್ಜಬಹುದು, ನಿಮ್ಮಲ್ಲಿ ಅದಕ್ಕೆ ಮಿತಿ ಇದೆಯಾ ಅಂತ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ. ನಕ್ಕಿದ್ದ ರೂಮ್‌ಮೇಟ್‌ಗಳನ್ನೇ ಕರೆದುಕೊಂಡು ಹೋದೆ. ಮೂರನೇ ಪ್ಲೇಟ್ ಪಾಸ್ತಾ ಮುಗಿಸುತ್ತಾ ಒಬ್ಬ ಕೇಳಿದ, ಸ್ಪ್ರಿಂಗ್‌ಗೆ ಪ್ಲಾನ್ ಕೊಳ್ಳಲು ಕೊನೆ ದಿನ ಯಾವತ್ತು ಅಂತ.